ಬೀಳುಹೊಲ, ಚಿನ್ನದ ಬಂಡೆ, ಐವತ್ತು ಹೆಕ್ಟೇರು ಕಾಡು

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಸಂಖ್ಯಾಶಾಸ್ತ್ರದವರು ಮಾದರಿ ಪರೀಕ್ಷೆ ಎಂದು ಕರೆಯುವುದನ್ನು ನಮ್ಮ ಅಡುಗೆಮನೆಗಳು ಯಾವ ಪುಸ್ತಕವೂ ಇಲ್ಲದೆ ಮಾಡಿಕೊಂಡು ಬಂದಿವೆ. ಆದರೆ ಆ ಒಂದು ಅಗುಳು ಇಡೀ ಪಾತ್ರೆಗೆ ಸಾಕ್ಷಿಯಾಗುವುದಕ್ಕೆ ಕಾರಣವಿದೆ: ಅಕ್ಕಿ ಒಂದೇ, ನೀರು ಒಂದೇ, ಕುದಿ ಎಲ್ಲ ಕಡೆಗೂ ಸಮ. ಬೆಟ್ಟಕ್ಕೆ ಆ ಸಮತೆ ಇಲ್ಲ. ನೀಲಗಿರಿ ಜಿಲ್ಲೆಯ ಕಳೆದ ಇನ್ನೂರು ವರ್ಷಗಳ ಚರಿತ್ರೆಯನ್ನು ಅಳತೆಯ ಚರಿತ್ರೆಯಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿ ದೊಡ್ಡ ಹಾನಿ ಮಾಡಿದ್ದು ಕೂಡುವ ಕಳೆಯುವ ತಪ್ಪುಗಳಲ್ಲ. ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಒಂದು ವರ್ಷ ಕಂಡದ್ದನ್ನು ಎಲ್ಲ ವರ್ಷಗಳಿಗೆ, ಮೇಲ್ಮೈಯಲ್ಲಿ ಸಿಕ್ಕಿದ್ದನ್ನು ಆಳಕ್ಕೆ ಹಚ್ಚಿದ್ದೇ ಹಾನಿ ಮಾಡಿತು. ಉದಕಮಂಡಲ, ಗೂಡಲೂರು, ಮಸಿನಗುಡಿ ಈ ಮೂರು ಕಡೆಯಿಂದ ಒಂದೊಂದು ಪ್ರಕರಣ ತೆಗೆದುಕೊಂಡರೆ ಮಾತು ಸ್ಪಷ್ಟವಾಗುತ್ತದೆ.

ಮೊದಲು ಉದಕಮಂಡಲದ ಬೆಟ್ಟಸೀಮೆ. ಈಸ್ಟ್ ಇಂಡಿಯಾ ಕಂಪನಿಯ ಕಡೆಯಿಂದ 1812ರಲ್ಲಿ ವಿಲಿಯಂ ಕೀಸ್ ಈ ಬೆಟ್ಟ ಹತ್ತಿ ವರದಿ ಬರೆದ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬಂದ. 1821ರ ಹೊತ್ತಿಗೆ ಕ್ಯಾಪ್ಟನ್ ವಾರ್ಡ್ ಕ್ರಮಬದ್ಧ ಮೋಜಣಿ ಶುರುಮಾಡಿದ. ಅವರು ಹತ್ತಿದ್ದು ಖಾಲಿ ಬೆಟ್ಟವನ್ನಲ್ಲ. ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಬಂದು ನೆಲೆಸಿ, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರು ಹಟ್ಟಿಗಳನ್ನು ಕಟ್ಟಿಕೊಂಡು ಸಾಮೆ, ರಾಗಿ ಬೆಳೆಯುತ್ತಿದ್ದರು. ತೋಡರು ಎಮ್ಮೆ ಮೇಯಿಸುತ್ತಿದ್ದರು; ಕೋತರು ಕಬ್ಬಿಣದ ಕೆಲಸ, ಮಡಕೆ, ವಾದ್ಯ ನೋಡಿಕೊಂಡು ಬಡಗರಿಂದ ಧಾನ್ಯದ ಪಾಲು ಪಡೆಯುತ್ತಿದ್ದರು. ಬಡಗರ ಬೇಸಾಯದಲ್ಲಿ ಎಲ್ಲ ಹೊಲವನ್ನೂ ಪ್ರತಿವರ್ಷ ಉಳುವ ರೂಢಿ ಇರಲಿಲ್ಲ. ಮನೆಯ ಹತ್ತಿರದ, ಗೊಬ್ಬರ ಬೀಳುವ ನೆಲಕ್ಕೆ ಬಿಡುವಿಲ್ಲ; ದೂರದ ಇಳಿಜಾರನ್ನು ಒಂದೆರಡು ವರ್ಷ ಉತ್ತು, ಆಮೇಲೆ ಹಲವು ವರ್ಷ ಬೀಳು ಬಿಡುತ್ತಿದ್ದರು. ಕಂದಾಯದ ಕಡತಗಳು ಇದನ್ನು ‘ಭುರ್ತಿ’ ಪದ್ಧತಿ ಎಂದು ಕರೆದವು. ಮುಖ್ಯವಾಗಿ ಆ ವರ್ಷ ಉತ್ತ ನೆಲಕ್ಕೆ ತೀರುವೆ. ಸುತ್ತಿನ ಉಳಿದ ನೆಲದ ಮೇಲೆ ರೈತನ ಹಕ್ಕು ಹಾಗೆಯೇ ಉಳಿಯುತ್ತಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಒಂದು ತುಂಡು ನೆಲವನ್ನು ಎರಡು ವರ್ಷ ಉತ್ತು ಎಂಟು ವರ್ಷ ಬಿಡಬೇಕಾದರೆ, ವರ್ಷಕ್ಕೆ ಒಂದು ಎಕರೆ ಬಿತ್ತುವ ಮನೆಗೆ ಐದು ಎಕರೆ ಬೇಕು. ಯಾವ ವರ್ಷ ಮೋಜಣಿಯವನು ಸರಪಳಿ ಹಿಡಿದು ಬಂದರೂ ಅವನ ಕಣ್ಣಿಗೆ ಒಂದು ಎಕರೆ ಹೊಲವೂ ನಾಲ್ಕು ಎಕರೆ ಪಾಳು ಭೂಮಿಯೂ ಕಾಣುತ್ತವೆ. ಅವನ ಸರಪಳಿ ಅಂಗುಲದಷ್ಟೂ ತಪ್ಪಿಲ್ಲ. ಆದರೂ ಆ ಮನೆಯ ಬದುಕಿನ ಐದರಲ್ಲಿ ನಾಲ್ಕು ಪಾಲು ಅವನ ನಕ್ಷೆಯಿಂದ ಬಿಟ್ಟುಹೋಗಿದೆ. ತೋಡರ ಮಂದುಗಳದ್ದೂ, ಅಂದರೆ ಅವರ ಊರುಗಳದ್ದೂ, ಇದೇ ಕಥೆ. ಬೇಸಗೆಯಲ್ಲಿ ಎಮ್ಮೆಗಳೊಡನೆ ಕುಂದಾ ಬೆಟ್ಟಗಳ ಹುಲ್ಲಿಗೆ ಹೋದ ಕುಟುಂಬದ ಮಂದು ಆ ತಿಂಗಳಲ್ಲಿ ನೋಡಿದವನಿಗೆ ತೊರೆದ ಊರು. 1860ರ ದಶಕದಲ್ಲಿ ಭುರ್ತಿ ರದ್ದಾಯಿತು. 1880ರ ದಶಕದ ಮೋಜಣಿ ಮತ್ತು ಬಂದೋಬಸ್ತು ನೆಲಕ್ಕೆ ಗಟ್ಟಿ ಗಡಿ ಹಾಕಿತು. ಪಾಳು ಎಂದು ಬರೆಸಿಕೊಂಡ ನೆಲ ಕಾಫಿ, ಟೀ, ಸಿಂಕೋನಾ ತೋಟಗಳಿಗೂ ಮೀಸಲು ಅರಣ್ಯಕ್ಕೂ ಸಿಗುವ ಸರಕಾಯಿತು.

ಇದಕ್ಕೆ ಎದುರು ವಾದ ಇದೆ, ಹಗುರವಾದದ್ದೂ ಅಲ್ಲ. ಭುರ್ತಿಯಿಂದ ಎಲ್ಲರಿಗೂ ಸಮಾನ ಲಾಭ ಆಗಲಿಲ್ಲ. ಹಟ್ಟಿಯ ಬಲಾಢ್ಯರು ಕಡಿಮೆ ತೀರುವೆ ಕಟ್ಟಿ ಹೆಚ್ಚು ನೆಲದ ಮೇಲೆ ಹಕ್ಕು ಸಾಧಿಸಲು ಅದರಲ್ಲಿ ಅವಕಾಶವಿತ್ತು. ಗಡಿಯೇ ಇಲ್ಲದ ಹಕ್ಕನ್ನು ಯಾವ ಸರ್ಕಾರವೂ ನ್ಯಾಯವಾಗಿ ನಿಭಾಯಿಸಲಾರದು. ಪಟ್ಟಾ ಕೈಗೆ ಬಂದ ಸಣ್ಣ ರೈತನಿಗೆ ಅದೇ ರಕ್ಷಣೆಯೂ ಆಯಿತು. ಇಷ್ಟನ್ನೂ ಒಪ್ಪಬಹುದು. ಆದರೆ ಒಪ್ಪಿದರೆ ಬರುವ ತೀರ್ಮಾನ, ಬೀಳುಹೊಲವನ್ನು ಇನ್ನೂ ಸರಿಯಾಗಿ ಅಳೆಯಬೇಕಿತ್ತು ಎಂಬುದೇ ಹೊರತು ಅಳತೆಯಿಂದ ಅದನ್ನು ಕೈಬಿಡಬೇಕಿತ್ತು ಎಂಬುದಲ್ಲ. ಯಾವ ತುಂಡು ಎಷ್ಟು ವರ್ಷಕ್ಕೊಮ್ಮೆ ಉಳುಮೆಗೆ ಬರುತ್ತದೆ ಎಂದು ದಾಖಲಿಸಲು ಹೊಸ ಗಣಿತವೇನೂ ಬೇಕಿರಲಿಲ್ಲ. ಬೇಕಿದ್ದದ್ದು ಒಂದೇ ಭೇಟಿಯ ಬದಲು ಹತ್ತು ವರ್ಷಗಳ ಪುಸ್ತಕ.

ಗೂಡಲೂರು ಕಡೆಯ ದೇವಾಲ, ಪಂದಲೂರುಗಳಲ್ಲಿ ಇದೇ ತಪ್ಪು ಇನ್ನೊಂದು ದಿಕ್ಕಿನಿಂದ ನಡೆಯಿತು. ಆಗ ಆಗ್ನೇಯ ವೈನಾಡು ಎನಿಸಿದ್ದ ಈ ಸೀಮೆ 1870ರ ದಶಕದಲ್ಲಿ ನೀಲಗಿರಿಗೆ ಸೇರಿತು. ಇಲ್ಲಿನ ಹಳ್ಳಗಳಲ್ಲಿ ಸ್ಥಳೀಯರು ಬಹುಕಾಲದಿಂದ ಮಣ್ಣು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದರು; ಬಂಡೆ ಅಗೆದ ಹಳೆಯ ಗುಂಡಿಗಳೂ ಇದ್ದವು. ಆಸ್ಟ್ರೇಲಿಯದ ವಿಕ್ಟೋರಿಯಾದಲ್ಲಿ ಗಣಿ ಇಲಾಖೆ ನಡೆಸಿದ್ದ ಬ್ರೋ ಸ್ಮಿತ್‌ನನ್ನು ಸರ್ಕಾರ ಕರೆಸಿತು. 1880ರಲ್ಲಿ ಅವನ ವರದಿ ಬಂತು. ಬೆಣಚುಕಲ್ಲಿನ ತುಂಡುಗಳನ್ನು ಪರೀಕ್ಷಿಸಿ ಟನ್ನಿಗೆ ಇಷ್ಟು ಚಿನ್ನ ಎಂದು ಕೊಟ್ಟ ಅಂಕಿಗಳು ಆಸೆ ಹುಟ್ಟಿಸುವಂತಿದ್ದವು. ಲಂಡನ್ನಿನಲ್ಲಿ ಹಣ ಹರಿಯಿತು. ಎರಡೇ ವರ್ಷದಲ್ಲಿ ಸುಮಾರು ನಲವತ್ತು ಕಂಪನಿಗಳು ಹುಟ್ಟಿದವು. ಕಾಗದದ ಮೇಲಿನ ಬಂಡವಾಳ ನಲವತ್ತು ಲಕ್ಷ ಪೌಂಡು ದಾಟಿತು. ರೋಗ ಬಡಿದು ನೆಲಕಚ್ಚಿದ್ದ ಕಾಫಿ ತೋಟಗಳು ಚಿನ್ನದ ಗಣಿಯ ಹೆಸರಿನಲ್ಲಿ ಭಾರಿ ಬೆಲೆಗೆ ಕೈಬದಲಾದವು. ಯಂತ್ರಗಳು ಬಂದು ಕಲ್ಲು ಅರೆದಾಗ ಸಿಕ್ಕಿದ್ದು ಖರ್ಚಿಗೂ ಸಾಲದಷ್ಟು. ಕೆಲವೇ ವರ್ಷಗಳಲ್ಲಿ ಎಲ್ಲವೂ ಮುಗಿಯಿತು. ಕಾಡುಗಟ್ಟಿದ ಅಗೆತಗಳು ಉಳಿದವು.

ಪರೀಕ್ಷೆ ಮಾಡಿದವರೆಲ್ಲ ಮೋಸಗಾರರಾಗಿರಬೇಕಿಲ್ಲ. ಮಳೆಗೂ ಗಾಳಿಗೂ ಒಡ್ಡಿಕೊಂಡ ಬಂಡೆ ಸವೆಯುತ್ತ ಹೋದಂತೆ ಹಗುರ ವಸ್ತು ಕೊಚ್ಚಿಹೋಗಿ ಭಾರದ ಚಿನ್ನ ಮೇಲ್ಪದರದಲ್ಲಿ ಗುಡ್ಡೆಯಾಗುತ್ತದೆ. ಹಾಗಾಗಿ ಕೈಗೆ ಸುಲಭವಾಗಿ ಸಿಗುವ ತುಂಡೇ ಅತಿ ಶ್ರೀಮಂತ ತುಂಡು. ಅದರ ಸರಾಸರಿಯನ್ನು ಇಡೀ ಬೆಟ್ಟದ ತೂಕದಿಂದ ಗುಣಿಸಿದರೆ ಗುಣಾಕಾರ ಸರಿ, ಉತ್ತರ ಸುಳ್ಳು. ಕೋಲಾರದಲ್ಲಿ ಇದೇ ಜೂಜು ಗೆಲ್ಲಲಿಲ್ಲವೇ ಎಂದು ಕೇಳಬಹುದು. ಅದೇ 1880ರ ಭರಾಟೆಯಲ್ಲಿ ಕೋಲಾರಕ್ಕೂ ಕಂಪನಿಗಳು ಬಂದವು, ಮೊದಲ ವರ್ಷಗಳಲ್ಲಿ ಅವೂ ಮುಳುಗುವ ಹಂತ ಮುಟ್ಟಿದವು. ಜಾನ್ ಟೇಲರ್ ಸಂಸ್ಥೆಯವರು ಉಳಿದಿದ್ದ ಅಲ್ಪ ಹಣದಲ್ಲಿ ಇನ್ನೂ ಕೆಳಕ್ಕೆ ಅಗೆಸಿದರು, ಚಾಂಪಿಯನ್ ರೀಫ್ ಸಿಕ್ಕಿತು. 2001ರಲ್ಲಿ ಮುಚ್ಚುವ ಹೊತ್ತಿಗೆ ಆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಇದರಲ್ಲಿ ಅದೃಷ್ಟದ ಪಾಲು ಇದ್ದೇ ಇದೆ. ಆದರೆ ಕೋಲಾರ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಎರಡೂ ಕಡೆ ಮೇಲ್ಮೈಯ ಅಂಕಿ ಆಳದ ಬಗ್ಗೆ ಏನನ್ನೂ ಹೇಳಿರಲಿಲ್ಲ; ದೇವಾಲದಲ್ಲಿ ಅದು ಇಲ್ಲದ ಚಿನ್ನವನ್ನು ತೋರಿಸಿತು, ಕೋಲಾರದಲ್ಲಿ ಇದ್ದ ಚಿನ್ನವನ್ನು ಮುಚ್ಚಿಟ್ಟಿತು. ಎರಡೂ ಕಡೆ ನಿಜ ಹೊರಬಿದ್ದದ್ದು ಕೆಳಗಿಳಿದು ನೋಡಿದ ಮೇಲೆಯೇ.

ಈ ಎರಡು ತಪ್ಪು ಅಳತೆಗಳ ಪಕ್ಕದಲ್ಲಿ ಇಡಬೇಕಾದದ್ದು ಮುದುಮಲೈ ಕಾಡಿನ ಒಂದು ತಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮಸಿನಗುಡಿಯಲ್ಲಿ ಬಿಡಾರ ಇಟ್ಟುಕೊಂಡಿದೆ. ಆನೆಗಳ ಅಧ್ಯಯನಕ್ಕೆ ಹೆಸರಾದ ರಾಮನ್ ಸುಕುಮಾರ್ ಮತ್ತು ಜೊತೆಗಾರರು 1988ರಲ್ಲಿ ಮುದುಮಲೈಯಲ್ಲಿ ಐವತ್ತು ಹೆಕ್ಟೇರು ಗುರುತು ಮಾಡಿ, ಎದೆಮಟ್ಟದಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪವಿದ್ದ ಪ್ರತಿ ಗಿಡಮರಕ್ಕೂ ನಂಬರು ಕಟ್ಟಿದರು. ಮೊದಲ ಎಣಿಕೆಯಲ್ಲೇ ಇಪ್ಪತ್ತೈದು ಸಾವಿರ ದಾಟಿತು. ಅಂದಿನಿಂದ ವರ್ಷ ವರ್ಷ ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು ಎಂದು ಬರೆಯುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಸುತ್ತಳತೆ ತೆಗೆಯುತ್ತಾರೆ. ಆನೆಗಳು ಬೆಂಡೆ ಮರವನ್ನು ಮುರಿದು ತಿಂದು ಅದರ ಸಂಖ್ಯೆ ಕುಸಿದದ್ದು, ನೆಲಬೆಂಕಿ ದೊಡ್ಡ ತೇಗ, ಮತ್ತಿ, ದಿಂಡಿಗಗಳನ್ನು ಬಿಟ್ಟು ಎಳೆಯ ಗಿಡಗಳನ್ನೇ ಹೆಚ್ಚು ಕೊಂದದ್ದು, ಬರ ಬಂದ ವರ್ಷ ಗಟ್ಟಿಯಾಗಿ ನಿಂತಿದ್ದ ಮರಗಳು ಆಮೇಲೆ ತಡವಾಗಿ ಒಣಗಿದ್ದು ಎಲ್ಲವೂ ಹೀಗೆ ತಿಳಿದ ಸಂಗತಿಗಳು. ಬರದ ವರ್ಷ ಒಂದೇ ಸಲ ಬಂದು ಎಣಿಸಿ ಹೋದವನು ಈ ಕಾಡಿಗೆ ಬರ ತಾಗುವುದಿಲ್ಲ ಎಂದು ಬರೆಯುತ್ತಿದ್ದ.

ಐವತ್ತು ಹೆಕ್ಟೇರೂ ಒಂದು ತುಣುಕೇ ಅಲ್ಲವೇ? ಹೌದು. ಮುದುಮಲೈ ಅಭಯಾರಣ್ಯ 321 ಚದರ ಕಿಲೋಮೀಟರು. ಈ ತಾಕು ಅದರ ಆರುನೂರರಲ್ಲಿ ಒಂದು ಪಾಲೂ ಇಲ್ಲ. ಗೂಡಲೂರಿನ ಕಡೆ ಮಳೆ ಹೆಚ್ಚು, ಮಸಿನಗುಡಿಯ ಕಡೆ ಮುಳ್ಳುಕಂಟಿಯ ಒಣಕಾಡು. ಇದನ್ನು ಅರಿತೇ ಸಂಶೋಧಕರು ಬೇರೆ ಬೇರೆ ಮಳೆಪಟ್ಟಿಗಳಲ್ಲಿ ಸಣ್ಣ ತಾಕುಗಳನ್ನೂ ಇಟ್ಟುಕೊಂಡರು. ತುಣುಕನ್ನು ಅಳೆಯುವುದು ದೋಷವಲ್ಲ, ಅದು ತುಣುಕು ಎಂಬುದನ್ನು ಮರೆಯುವುದು ದೋಷ. ಇನ್ನು, ಆಡಳಿತಕ್ಕೆ ಮೂವತ್ತು ವರ್ಷ ಕಾಯುವ ಪುರುಸೊತ್ತು ಎಲ್ಲಿದೆ ಎಂಬ ಆಕ್ಷೇಪ. ಕಾಯುವುದು ಬೇಡ, ಆದರೆ ಅವಸರದಲ್ಲಿ ಎಣಿಸಿದ್ದನ್ನು ಅವಸರದ್ದು ಎಂದೇ ಬರೆಯಲಿ, ತಿದ್ದಲು ಜಾಗ ಬಿಡಲಿ.

ಇದು ಮುಗಿದ ಕಥೆಯಲ್ಲ. 1843ರಲ್ಲಿ ಬಂದ ನೀಲಗಿರಿ ಮರವನ್ನೂ ವ್ಯಾಟಲ್ ಮರಗಳನ್ನೂ ಪಾಳು ಎಂದು ತಿಳಿದ ಹುಲ್ಲುಗಾವಲಿನಲ್ಲಿ ನೆಟ್ಟರು. ಸ್ವಾತಂತ್ರ್ಯದ ನಂತರವೂ ನೆಟ್ಟರು. ಇಂದು ಭಾರತದ ಅರಣ್ಯ ಸಮೀಕ್ಷೆಯ ವ್ಯಾಖ್ಯೆಯಲ್ಲಿ ಒಂದು ಹೆಕ್ಟೇರಿಗೆ ಮೇಲ್ಪಟ್ಟ, ನೂರಕ್ಕೆ ಹತ್ತರಷ್ಟಾದರೂ ಎಲೆ ಹೊದಿಕೆ ಇರುವ ನೆಲವೆಲ್ಲ ಅರಣ್ಯಹೊದಿಕೆ, ಮರ ಯಾವುದೇ ಇರಲಿ. ಹೀಗಾಗಿ ವ್ಯಾಟಲ್ ಕಿತ್ತು ಮೂಲದ ಹುಲ್ಲನ್ನು ಮರಳಿ ತಂದರೆ ಲೆಕ್ಕದಲ್ಲಿ ಕಾಡು ಕಡಿಮೆಯಾಗುತ್ತದೆ. 2019ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನವೊಂದು ಭೂಮಿಯ ಮೇಲೆ ಇನ್ನೂ ತೊಂಬತ್ತು ಕೋಟಿ ಹೆಕ್ಟೇರು ಮರದ ಹೊದಿಕೆಗೆ ಜಾಗವಿದೆ ಎಂದಾಗ, ಹುಲ್ಲುಗಾವಲುಗಳನ್ನು ಮರ ನೆಡುವ ಜಾಗವಾಗಿ ಎಣಿಸಿದ್ದಾರೆ ಎಂದು ಪರಿಸರ ವಿಜ್ಞಾನಿಗಳು ಆಕ್ಷೇಪಿಸಿದರು. ಭುರ್ತಿ ಹೊಲದ ನಾಲ್ಕು ಎಕರೆಗೆ ಪಾಳು ಎಂದು ಬರೆದದ್ದಕ್ಕೂ ಇದಕ್ಕೂ ತರ್ಕದಲ್ಲಿ ವ್ಯತ್ಯಾಸವಿಲ್ಲ. ಕಡತ ಮಾತ್ರ ಜಾಗತಿಕವಾಗಿದೆ. ಹವಾಮಾನದ ಹೆಸರಿನಲ್ಲಿ ಹೆಕ್ಟೇರು, ಟನ್ನುಗಳ ಅಂಕಿ ಮುಂದಿಟ್ಟು ನೆಲ ಕೇಳುವವರಿಗೆ ಹಾಕಬೇಕಾದ ಪ್ರಶ್ನೆ ಕೂಡಿಸಿದ್ದು ಸರಿಯೇ ಎಂಬುದಲ್ಲ. ಎಷ್ಟು ವರ್ಷ ನೋಡಿ, ಎಲ್ಲಿ ನಿಂತು ಎಣಿಸಿದಿರಿ, ಖಾಲಿ ಎಂದು ಬರೆದ ನೆಲದಲ್ಲಿ ಮುಂದಿನ ವರ್ಷ ಉಳುವವರು ಯಾರು ಎಂದು ಕೇಳಬೇಕು. ಉತ್ತರವಿಲ್ಲದ ಅಂಕಿಗೆ ನೆಲ ಬಿಟ್ಟುಕೊಡುವ ಅಗತ್ಯವಿಲ್ಲ.