ಬೆಂಕಿಗೆ ನೊರೆಯ ಕಂಬಳಿ

ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬುದು ನಮ್ಮ ಹಳೆಯ ಗಾದೆ. ಬಣವೆಗೋ ಗುಡಿಸಲಿಗೋ ಹತ್ತಿಯ ರಾಶಿಗೋ ಬೆಂಕಿ ತಗುಲಿದರೆ ನೀರು ಬೇಕು, ಆ ನೀರು ಮೊದಲೇ ಸಿದ್ಧವಿರಬೇಕು ಎಂಬುದು ಅದರ ತಿರುಳು. ಆದರೆ ಬಾವಿ ಮೊದಲೇ ತೋಡಿಟ್ಟಿದ್ದರೂ, ಅದರ ತುಂಬ ನೀರಿದ್ದರೂ ಕೈಕೊಡುವ ಬೆಂಕಿಯೊಂದಿದೆ. ಅದು ಎಣ್ಣೆಯ ಬೆಂಕಿ.

ಈ ಬೆಂಕಿ ನಮ್ಮ ಹಳ್ಳಿಗಳಿಗೆ ಬಂದು ನೂರು ವರ್ಷದ ಮೇಲಾಯಿತು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿಯನ್ನು ಮುಟ್ಟಿದವು. ಅಣ್ಣಿಗೇರಿ, ಕುಂದಗೋಳಗಳಲ್ಲಿ ರೈಲು ನಿಲ್ಲತೊಡಗಿತು. ನವಲಗುಂದ, ಕಲಘಟಗಿಗಳಿಗೆ ಚಕ್ಕಡಿಯೇ ಗತಿ. ಅದೇ ಹೊತ್ತಿಗೆ ಅಮೆರಿಕದಿಂದಲೂ ರಷ್ಯದಿಂದಲೂ ಸೀಮೆಎಣ್ಣೆ ಹಡಗೇರಿ ಭಾರತದ ಬಂದರುಗಳಿಗೆ ಬರುತ್ತಿತ್ತು. ಔಡಲೆಣ್ಣೆಯ ಹಣತೆಯಿದ್ದ ಗೂಡಿನಲ್ಲಿ ಕ್ರಮೇಣ ಚಿಮಣಿ ಬಂದು ಕುಳಿತಿತು.

ಔಡಲೆಣ್ಣೆಗೂ ಚಿಮಣಿ ಎಣ್ಣೆಗೂ ಇರುವ ಅಂತರ ದೊಡ್ಡದು. ನೆಲದ ಮೇಲೆ ಚೆಲ್ಲಿದ ಔಡಲೆಣ್ಣೆಗೆ ಕಡ್ಡಿ ಗೀರಿದರೆ ಅದು ಸುಲಭವಾಗಿ ಹೊತ್ತಿಕೊಳ್ಳದು. ನಿಜವಾಗಿ ಉರಿಯುವುದು ಎಣ್ಣೆಯಲ್ಲ, ಅದರಿಂದ ಏಳುವ ಆವಿ. ಸೀಮೆಎಣ್ಣೆ ನಮ್ಮ ಚೈತ್ರ, ವೈಶಾಖದ ಬಿಸಿಲಿಗೇ ಆವಿಯಾಡಬಲ್ಲದು. ಪೆಟ್ರೋಲಂತೂ ಕೊರೆಯುವ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಇಂಥ ಬೆಂಕಿಗೆ ಕೊಡದಿಂದ ನೀರು ಸುರಿದರೆ ಏನಾಗುತ್ತದೆ? ನೀರು ಭಾರ, ಎಣ್ಣೆ ಹಗುರ. ನೀರು ತಳಕ್ಕಿಳಿಯುತ್ತದೆ, ಎಣ್ಣೆ ಅದರ ಮೇಲೆ ತೇಲಿಕೊಂಡು ಉರಿಯುತ್ತಲೇ ಅಂಗಳದ ತುಂಬ ಹರಡುತ್ತದೆ. ಆರಿಸಲು ಹೋದವನೇ ಬೆಂಕಿಗೆ ದಾರಿ ಮಾಡಿಕೊಟ್ಟಂತೆ.

ಇದಕ್ಕೆ ಮದ್ದು ಸಿಕ್ಕಿದ್ದೂ ಎಣ್ಣೆಯ ಊರಿನಲ್ಲೇ. ರಷ್ಯದ ಸೀಮೆಎಣ್ಣೆಯ ತವರು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಬಾಕು. ಅಲ್ಲಿ ಶಾಲಾ ಶಿಕ್ಷಕನಾಗಿದ್ದ ಅಲೆಕ್ಸಾಂಡರ್ ಲೋರಾನ್ ಎಂಬ ಎಂಜಿನಿಯರ್, ಎಣ್ಣೆಗಿಂತ ಹಗುರವಾದದ್ದೇ ಎಣ್ಣೆಯ ಬೆಂಕಿಯನ್ನು ಮುಚ್ಚಬಲ್ಲದು ಎಂದು ಯೋಚಿಸಿದ. ಅಂಥ ವಸ್ತು ನೊರೆ. 1902ರ ಸುಮಾರಿಗೆ ರೂಪುಗೊಂಡ ಈ ವಿಚಾರಕ್ಕೆ 1904ರ ಹೊತ್ತಿಗೆ ಪ್ರಯೋಗಗಳ ಬಲ ಬಂತು. ಅಡುಗೆ ಸೋಡದ ನೀರನ್ನೂ ಅಲ್ಯೂಮಿನಿಯಂ ಸಲ್ಫೇಟಿನ ನೀರನ್ನೂ ಕೂಡಿಸಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಉಕ್ಕುತ್ತವೆ. ಗುಳ್ಳೆ ಬೇಗ ಒಡೆಯದಂತೆ ಹಿಡಿದಿಡಲು ಜೇಷ್ಠಮಧುವಿನ ಸಾರದಂಥ ವಸ್ತು ಬೇಕಾಗುತ್ತಿತ್ತು. ನಮ್ಮ ಅಜ್ಜಿಯರು ತಲೆಗೂ ರೇಷ್ಮೆ ಸೀರೆಗೂ ಬಳಸುತ್ತಿದ್ದ ಅಂಟವಾಳದಲ್ಲಿ ನೊರೆ ಏಳಿಸುವ ಸಪೋನಿನ್ ಎಂಬ ಅಂಶ ಜೇಷ್ಠಮಧುವಿನಲ್ಲೂ ಇದೆ.

ನೊರೆ ಮಾಡುವ ಕೆಲಸ ಕಂಬಳಿಯ ಕೆಲಸ. ಉರಿಯುವ ಎಣ್ಣೆಯ ಮೇಲೆ ಅದು ಹರಡಿಕೊಂಡು ಗಾಳಿಯನ್ನು ತಡೆಯುತ್ತದೆ, ಏಳುವ ಆವಿಯನ್ನು ಅದುಮಿ ಹಿಡಿಯುತ್ತದೆ, ತನ್ನೊಳಗಿನ ನೀರಿನಿಂದ ತಂಪು ಕೊಡುತ್ತದೆ. 1930ರ ದಶಕದಲ್ಲಿ ಬೇರೆ ಬಗೆಯ ನೊರೆ ಬಂತು. ದನಗಳ ಗೊರಸು, ಕೊಂಬುಗಳನ್ನು ಕರಗಿಸಿ ತೆಗೆದ ಪ್ರೋಟೀನಿನ ದ್ರಾವಣಕ್ಕೆ ನೀರು ಬೆರೆಸಿ, ಗಾಳಿ ಸೇರಿಸಿ ಇದನ್ನು ಉಬ್ಬಿಸುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ನೌಕಾದಳದ ಸಂಶೋಧನಾಲಯವೂ ತ್ರೀಎಂ ಕಂಪನಿಯೂ ಸೇರಿ ಫ್ಲೋರಿನ್ ಸಂಯುಕ್ತಗಳ ನೊರೆಯನ್ನು ರೂಪಿಸಿದವು. ಎಣ್ಣೆಯ ಮೇಲೆ ತೆಳ್ಳನೆಯ ನೀರಿನ ಪೊರೆಯನ್ನೇ ಹಾಸುವ ಈ ನೊರೆ ಬೆಂಕಿಯನ್ನು ಬಹುಬೇಗ ಹತೋಟಿಗೆ ತರುತ್ತಿತ್ತು.

ಪೇರಲಕ್ಕೆ ಹೆಸರಾದ ನವಲೂರು ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಇದೆ. ಅಲ್ಲಿ ಇಂಡಿಯನ್ ಆಯಿಲ್ ಕಂಪನಿಯ ಡಿಪೊ ಇರುವುದು ಆ ದಾರಿಯಲ್ಲಿ ಓಡಾಡುವವರಿಗೆ ಗೊತ್ತು. ಹಳ್ಳಿಯ ಬಂಕುಗಳಿಗೆ ಟ್ಯಾಂಕರು ಹೊರಡುವುದು ಇಂಥ ಡಿಪೊಗಳಿಂದ. ಇಲ್ಲಿನ ದೊಡ್ಡ ತೊಟ್ಟಿಗಳಿಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಬರಲಿ ಎಂದು ಕಾಯುವಂತಿಲ್ಲ. ಆದ್ದರಿಂದ ಎಣ್ಣೆ ಸಂಗ್ರಹಾಗಾರಗಳಲ್ಲಿ ನೊರೆಯ ಏರ್ಪಾಟನ್ನು ತೊಟ್ಟಿಯ ಜೊತೆಗೇ ಕಟ್ಟಿಬಿಡುತ್ತಾರೆ. ಒಂದೆಡೆ ನೊರೆಯ ದ್ರಾವಣ, ಇನ್ನೊಂದೆಡೆ ನೀರಿನ ತೊಟ್ಟಿ ಮತ್ತು ಪಂಪು. ನೂರು ಲೀಟರಿಗೆ 3 ಲೀಟರಿನಂತೆ ದ್ರಾವಣವನ್ನು ನೀರಿಗೆ ಬೆರೆಸುವ ಸಾಧನವೊಂದು. ಅಲ್ಲಿಂದ ಕೊಳವೆ ತೊಟ್ಟಿಯ ಮೇಲಂಚಿಗೆ ಏರುತ್ತದೆ. ಅಲ್ಲಿ ಗಾಳಿ ಸೇರಿ ನೊರೆ ಉಬ್ಬುತ್ತದೆ. ಎಣ್ಣೆಯ ಆವಿ ಕೊಳವೆಗೆ ನುಗ್ಗದಂತೆ ತಡೆಯಲು ತೆಳುವಾದ ಗಾಜಿನ ಮುಚ್ಚಳವಿರುತ್ತದೆ. ನೊರೆಯ ಒತ್ತಡಕ್ಕೆ ಆ ಗಾಜು ಒಡೆದು, ನೊರೆ ಒಳಗೋಡೆಯ ಗುಂಟ ಮೆಲ್ಲಗೆ ಇಳಿದು ಎಣ್ಣೆಯ ಮೇಲೆ ಹರಡುತ್ತದೆ.

ಇದಕ್ಕೆ ಎಷ್ಟು ನೀರು ಬೇಕು? ಸಾಮಾನ್ಯ ಲೆಕ್ಕದಲ್ಲಿ ಒಂದು ಚದರ ಮೀಟರಿಗೆ ನಿಮಿಷಕ್ಕೆ 5 ಲೀಟರು ನೊರೆನೀರು. 20 ಮೀಟರು ಅಗಲದ ದುಂಡು ತೊಟ್ಟಿಯ ಹರವು ಸುಮಾರು 314 ಚದರ ಮೀಟರು. ಒಂದು ತಾಸಿಗೆ 94 ಸಾವಿರ ಲೀಟರು ಬೇಕಾಯಿತು. ಅದರಲ್ಲಿ ದ್ರಾವಣ 2,800 ಲೀಟರಿನಷ್ಟು, ಮಿಕ್ಕಿದ್ದೆಲ್ಲ ನೀರು. ಅಂದರೆ 12 ಸಾವಿರ ಲೀಟರಿನ ಏಳೆಂಟು ಟ್ಯಾಂಕರು. ಪಕ್ಕದ ತೊಟ್ಟಿಗಳು ಕಾಯದಂತೆ ಸುರಿಯುವ ನೀರು ಬೇರೆ. ಮಲಪ್ರಭಾ ಕಾಲುವೆಯಿಂದ ತುಂಬಿಸಿದ ಕೆರೆಯ ನೀರನ್ನೇ ಬೇಸಿಗೆಯಲ್ಲಿ ಅಳೆದು ಕುಡಿಯುವ ನವಲಗುಂದದ ಕಡೆಯವರಿಗೆ ಈ ಲೆಕ್ಕದ ಭಾರ ಹೇಳಿಕೊಡಬೇಕಿಲ್ಲ.

ಏರ್ಪಾಟು ಇದ್ದ ಮಾತ್ರಕ್ಕೆ ನಿಶ್ಚಿಂತೆಯೇ? 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದಲ್ಲಿ ಇದಕ್ಕೆ ಕಹಿಯಾದ ಉತ್ತರ ಸಿಕ್ಕಿತು. ಅಲ್ಲಿನ ಎಣ್ಣೆ ಸಂಗ್ರಹಾಗಾರದಲ್ಲಿ ಕವಾಟದ ಬಳಿ ಪೆಟ್ರೋಲು ಸೋರಿತು. ಅದನ್ನು ನಿಲ್ಲಿಸಲು ಹೋದವರು ಆವಿಗೆ ಸಿಕ್ಕಿ ಕುಸಿದರು. ಒಂದು ತಾಸಿಗೂ ಹೆಚ್ಚು ಹೊತ್ತು ಹರಡಿದ ಆವಿಯ ಮೋಡ ಸ್ಫೋಟಿಸಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ತೊಟ್ಟಿಗಳು ಹಲವು ದಿನ ಉರಿದವು, ಎಣ್ಣೆ ಉರಿದು ಮುಗಿಯಲೆಂದು ಬಿಡಬೇಕಾಯಿತು. ನೊರೆಯ ಕಂಬಳಿ ತೊಟ್ಟಿಯ ಬೆಂಕಿಗೆ. ಬಯಲಿಗೆ ಬಿದ್ದ ಆವಿಯ ಮೋಡ ಒಮ್ಮೆ ಸಿಡಿದರೆ ಕಂಬಳಿ ಹೊದಿಸುವ ಕೈಗಳೇ ಉಳಿಯುವುದಿಲ್ಲ. ಸೋರಿಕೆಯನ್ನು ದೂರದಿಂದಲೇ ನಿಲ್ಲಿಸುವ ಕವಾಟಗಳ ಮಹತ್ವ ಆಮೇಲೆ ಎಲ್ಲರಿಗೂ ಮನವರಿಕೆಯಾಯಿತು.

ನೊರೆಗೂ ತನ್ನದೇ ದೋಷವಿದೆ. ಫ್ಲೋರಿನ್ ನೊರೆಯ ರಾಸಾಯನಿಕಗಳು ಮಣ್ಣಿನಲ್ಲಿ, ಅಂತರ್ಜಲದಲ್ಲಿ ಕೊಳೆಯದೆ ಉಳಿಯುತ್ತವೆ. ಅವುಗಳಲ್ಲಿ ಮುಖ್ಯವಾದ ಪಿಎಫ್‌ಒಎಸ್ 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧದ ಪಟ್ಟಿಗೆ ಸೇರಿತು. ಈಗ ಫ್ಲೋರಿನ್ ಇಲ್ಲದ ನೊರೆಗಳತ್ತ ಲೋಕ ಹೊರಳುತ್ತಿದೆ. ಬೆಂಕಿ ಆರಿದ ಮೇಲೆ ನೊರೆಯ ನೀರು ಯಾವ ಹಳ್ಳಕ್ಕೆ, ಯಾವ ಕೆರೆಗೆ ಹರಿಯಿತು ಎಂದು ಕೇಳುವುದೂ ಈಗ ಬೆಂಕಿ ಆರಿಸುವಷ್ಟೇ ಮುಖ್ಯ.

ಡಿಪೊಗೆ ಕಟ್ಟಿದ ಏರ್ಪಾಟು ಡಿಪೊದಲ್ಲೇ ಉಳಿಯುತ್ತದೆ. ಗೇಟು ದಾಟಿ ಕಲಘಟಗಿಯ ತಿರುವಿಗೋ ಅಣ್ಣಿಗೇರಿಯ ಎರೆಹೊಲದ ದಾರಿಗೋ ಬಂದ ಟ್ಯಾಂಕರಿನ ಜೊತೆ ಇರುವುದು ಬೆಂಕಿ ನಂದಿಸುವ ಸಣ್ಣ ಸಿಲಿಂಡರುಗಳು ಮಾತ್ರ. ಅದು ಉರುಳಿದರೆ ಕೊಡ, ಡಬ್ಬಿ ಹಿಡಿದು ಎಣ್ಣೆ ತುಂಬಿಕೊಳ್ಳಲು ಓಡುವ ಅಭ್ಯಾಸ ದೇಶದ ಎಷ್ಟೋ ಊರುಗಳಲ್ಲಿ ಜೀವ ತೆಗೆದಿದೆ. ಅಲ್ಲಿ ನಮ್ಮ ಕೈಲಾಗುವ ಕೆಲಸ ಚಿಕ್ಕದು: ಬೀಡಿ ಆರಿಸುವುದು, ಗಾಡಿಗಳನ್ನು ದೂರ ತಡೆಯುವುದು, ಮಕ್ಕಳನ್ನು ಹಿಂದಕ್ಕೆ ಕಳಿಸುವುದು, ಅಗ್ನಿಶಾಮಕ ಠಾಣೆಗೆ ಸುದ್ದಿ ಮುಟ್ಟಿಸುವುದು. ಮನೆಯೊಳಗೆ ಹೊತ್ತಿಕೊಂಡ ಚಿಕ್ಕ ಎಣ್ಣೆಯ ಬೆಂಕಿಗಾದರೆ ಕೊಡದ ನೀರಿಗಿಂತ ಒಂದು ಬುಟ್ಟಿ ಒಣ ಮಣ್ಣೇ ಲೇಸು. ಬಾವಿಯ ಹಾಗೆ ಈ ಮಣ್ಣನ್ನೂ ಬೆಂಕಿ ಬೀಳುವ ಮೊದಲೇ ತಂದಿಟ್ಟಿರಬೇಕು.