ಸಾಬೂನಿನ ಹದ

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಬೇಯಿಸುವ ಮನೆಗಳವರಿಗೆ ಹದವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಚೊಗರಿನ ಬಣ್ಣ ಕಂಡೇ ಅವರು ಅದರ ಹದವನ್ನು ಹೇಳಬಲ್ಲರು. ಬೆಲ್ಲದ ಪಾಕ ಎಳೆ ಬಂದಿತೋ ಇಲ್ಲವೋ ಎಂಬುದನ್ನು ಗೃಹಿಣಿಯ ಬೆರಳೇ ತಿಳಿಸುತ್ತದೆ. ಆದರೆ ಕಣ್ಣನ್ನೂ ಬೆರಳನ್ನೂ ನಂಬಬಾರದ ಪಾಕವೊಂದುಂಟು. ಅದು ಸಾಬೂನಿನದು.

ನಮ್ಮ ಹಿರಿಯರು ತಲೆಗೆ ಸೀಗೆ, ಮೈಗೆ ಕಡಲೆಹಿಟ್ಟು, ರೇಷ್ಮೆಗೆ ಅಂಟುವಾಳ ಬಳಸುತ್ತಿದ್ದರು. ಮಡಿವಾಳರು ಅರಿವೆಗೆ ಚೌಳುಮಣ್ಣು ಹಾಕುತ್ತಿದ್ದರು. ಆ ಚೌಳಿನ ಸಾರವೂ ಸೋಡಾಕ್ಷಾರವೇ. ಫ್ರಾನ್ಸಿನ ಲೆಬ್ಲಾಂಕ್ 1791ರಲ್ಲಿ ಉಪ್ಪಿನಿಂದ ಸೋಡಾ ತೆಗೆಯುವ ಮಾರ್ಗಕ್ಕೆ ಹಕ್ಕುಪತ್ರ ಪಡೆದನು. ಅದೇ ದೇಶದ ಷೆವ್ರಲ್ 1823ರಲ್ಲಿ ಕೊಬ್ಬುಗಳ ರಚನೆಯನ್ನು ವಿವರಿಸಿದನು. ಕ್ಷಾರವು ಎಣ್ಣೆಯನ್ನು ಒಡೆದಾಗ ಸಾಬೂನೂ ಗ್ಲಿಸರಿನ್ನೂ ಹುಟ್ಟುತ್ತವೆಂಬುದು ತಿಳಿದ ಮೇಲೆ, ಅಂದಾಜಿನ ಕಸುಬು ಲೆಕ್ಕದ ಕಸುಬಾಯಿತು.

ಈ ಲೆಕ್ಕ ಮೈಸೂರಿಗೆ ಬಂದ ಬಗೆ ಸ್ವಾರಸ್ಯವಾಗಿದೆ. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರದ ರಫ್ತು ಕುಂಠಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಇಳಿಸುವ ಕೆಲಸ ಮೊದಲಾಯಿತು. ಎಣ್ಣೆಯಿತ್ತು, ಪರಿಮಳವಿತ್ತು, ಸಾಬೂನಿನ ಹದ ಬಲ್ಲವರು ಬೇಕಾಗಿತ್ತು. ಅದನ್ನು ಕಲಿತು ಬರಲೆಂದು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಮೈಸೂರು ಸ್ಯಾಂಡಲ್ ಸಾಬೂನು ಅವರ ವಿದ್ಯೆಯ ಫಲ. 1944ರಲ್ಲಿ ಶಿವಮೊಗ್ಗದಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. 1997ರವರೆಗೆ ನಮ್ಮ ತಾಲ್ಲೂಕೂ ಆ ಜಿಲ್ಲೆಗೇ ಸೇರಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಸಾಬೂನು ಮಾಡಿದೆವು. ಕೊಬ್ಬರಿ ಎಣ್ಣೆ ಸಾಲದೆ ಹರಳೆಣ್ಣೆ ಬೆರೆಸಿದೆವು. ಕ್ಷಾರದ ತೂಕ ಮಾತ್ರ ಬದಲಿಸಲಿಲ್ಲ. ಬಿಲ್ಲೆ ನೋಡಲು ಸೊಗಸಾಗಿತ್ತು. ಎರಡು ದಿನದಲ್ಲಿ ಮಗಳ ಅಂಗೈ ಕೆಂಪಾಗಿ ಉರಿಯಿತು. ನೂರು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 18 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಹರಳೆಣ್ಣೆಗೆ ಸುಮಾರು 13 ಗ್ರಾಂ ಸಾಕು. ಉಳಿದ ಕ್ಷಾರ ಚರ್ಮವನ್ನೇ ಸುಡುತ್ತದೆ.

ಪಾಕ ಕೆಡುವುದಕ್ಕೂ ಕಾರಣಗಳುಂಟು. ನೀರು ಹೆಚ್ಚಾದರೆ, ಕದಡುವುದು ಸಾಲದಾದರೆ ಗಟ್ಟಿಯಾಗದೆ ಎಣ್ಣೆ ಮೇಲೆ ತೇಲುತ್ತದೆ. ತಣ್ಣಗಾದ ಕೊಬ್ಬು ತಾನೇ ಹೆಪ್ಪುಗಟ್ಟಿ, ಸಾಬೂನಾಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಮೆಲ್ಲಗೆ ಬಿಸಿ ಮಾಡಿ ಮತ್ತೆ ಕದಡಿದರೆ ನಿಜ ತಿಳಿಯುತ್ತದೆ. ಲವಂಗದೆಣ್ಣೆಯಂತಹ ಪರಿಮಳ ಬೆರೆಸಿದರೆ ಪಾಕ ಥಟ್ಟನೆ ಬಿಗಿಯುವುದುಂಟು. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಕೂಡದು.

ಬೆಲ್ಲದ ಪಾಕ ತಪ್ಪಿದರೆ ಉಂಡೆ ಕೆಟ್ಟೀತು, ಅಷ್ಟೇ. ಸಾಬೂನಿನ ಹದ ತಪ್ಪಿದರೆ ಮೈಗೇ ಕೇಡು. ಅದನ್ನು ಕಲಿಯಲು ಒಂದು ಸಂಸ್ಥಾನವೇ ತನ್ನವರನ್ನು ಕಡಲಾಚೆ ಕಳುಹಿಸಿತು. ನಾವು ಒಂದು ತಕ್ಕಡಿಯನ್ನಾದರೂ ಮುಂದಿಟ್ಟುಕೊಳ್ಳಬಾರದೇ?