ವೀಡಿಯೊ ಸಂಕಲನಕ್ಕೆ ಕಡತ ರೂಪದ ಆಯ್ಕೆ ಮತ್ತು ಪರಿವರ್ತನೆ

ಚಿತ್ರೀಕರಿಸಿದ ದೃಶ್ಯವನ್ನು ಗಣಕಯಂತ್ರದಲ್ಲಿ ತಡೆಯಿಲ್ಲದೆ ಕತ್ತರಿಸಿ ಜೋಡಿಸಲು ಅದು ಯಾವ ರೂಪದಲ್ಲಿರಬೇಕೆಂಬ ನಿರ್ಧಾರವನ್ನು ಸಂಕಲನಕ್ಕೆ ಕಡತ ರೂಪದ ಆಯ್ಕೆ ಎನ್ನುತ್ತಾರೆ. ಮೊಬೈಲು, ಕ್ಯಾಮೆರಾಗಳು ದೃಶ್ಯವನ್ನು ಉಳಿಸುವ ರೂಪ ಜಾಗದ ಮಿತವ್ಯಯಕ್ಕಾಗಿ ಏರ್ಪಟ್ಟದ್ದು; ಸಂಕಲನಕಾರನ ಅನುಕೂಲಕ್ಕಾಗಿ ಅಲ್ಲ.

ಕಂಟೇನರ್ ಮತ್ತು ಕೋಡೆಕ್

ಎಂಪಿ4, ಎಂಒವಿ, ಎಂಕೆವಿ ಮುಂತಾದವು ಕಂಟೇನರ್‌ಗಳು, ಅಂದರೆ ಚಿತ್ರ ಮತ್ತು ಧ್ವನಿಯನ್ನು ಒಟ್ಟಿಗೆ ಇಡುವ ಹೊರಡಬ್ಬಿಗಳು. ಒಳಗಿನ ಸಂಕೋಚನ ವಿಧಾನವೇ ಕೋಡೆಕ್. 2003ರಲ್ಲಿ ಬಂದ ಎಚ್.264 ಮತ್ತು 2013ರಲ್ಲಿ ಬಂದ ಎಚ್.265 ಇಂದು ಹೆಚ್ಚು ಬಳಕೆಯಲ್ಲಿವೆ. ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ತಿದ್ದಿದರೆ ರೂಪ ಬದಲಾಯಿತೆಂದು ಭಾವಿಸುವವರುಂಟು. ವಾಸ್ತವದಲ್ಲಿ ಒಳಗೆ ಏನೂ ಬದಲಾಗಿರುವುದಿಲ್ಲ.

ತಡವರಿಕೆಯ ಕಾರಣ

ಈ ಎರಡೂ ಕೋಡೆಕ್‌ಗಳು ಕೆಲವೇ ಫ್ರೇಮ್‌ಗಳನ್ನು ಪೂರ್ಣವಾಗಿ ಬರೆದಿಟ್ಟು, ಉಳಿದವುಗಳಲ್ಲಿ ಅಕ್ಕಪಕ್ಕದ ಫ್ರೇಮ್‌ಗಳಿಗಿಂತ ಬದಲಾದ ಅಂಶವನ್ನಷ್ಟೇ ದಾಖಲಿಸುತ್ತವೆ. ನಡುವಿನ ಒಂದು ಫ್ರೇಮ್ ತೋರಿಸಬೇಕಾದರೆ ಗಣಕವು ಹಿಂದಿನ ಪೂರ್ಣ ಫ್ರೇಮ್‌ನಿಂದ ಲೆಕ್ಕ ಹಾಕುತ್ತ ಬರಬೇಕು. ನೋಡುವಾಗ ಇದು ತೊಂದರೆ ಕೊಡದು. ಹಿಂದೆ ಮುಂದೆ ಜಾರಿಸಿ ಕತ್ತರಿಸುವಾಗ ಹಳೆಯ ಗಣಕ ತಡವರಿಸುತ್ತದೆ.

ಇದನ್ನು ಸ್ಥಳೀಯ ನಿದರ್ಶನದಿಂದ ತಿಳಿಯಬಹುದು. ಮಂಗಳೂರಿನ ಬೆಂಗ್ರೆಯು ಅರಬ್ಬಿ ಸಮುದ್ರಕ್ಕೂ ಫಲ್ಗುಣಿ ನದಿಗೂ ನಡುವಿನ ಮರಳ ದಿಣ್ಣೆ. ಬಂದರಿನಿಂದ ಅಲ್ಲಿಗೆ ದಾಟುವ ದೋಣಿಯಲ್ಲಿ ಕುಳಿತು ಚಿತ್ರೀಕರಿಸಿದರೆ, ನೀರಿನ ಪ್ರತಿ ಅಲೆಯೂ ಪ್ರತಿ ಫ್ರೇಮ್‌ನಲ್ಲಿ ಬದಲಾಗುತ್ತದೆ. ನಿಶ್ಚಲವಾದ ಗೋಡೆಯ ದೃಶ್ಯದಂತೆ ಇದನ್ನು ಸುಲಭವಾಗಿ ಕುಗ್ಗಿಸಲಾಗದು.

ಅಸ್ಥಿರ ಫ್ರೇಮ್ ದರ

ಇದಕ್ಕಿಂತ ದೊಡ್ಡ ತೊಡಕು ಫ್ರೇಮ್ ದರದ್ದು. ಬೆಳಗಿನ ಜಾವ ದಕ್ಕೆಗೆ ಮರಳುವ ಮೀನುಗಾರಿಕಾ ದೋಣಿಗಳನ್ನು ಮೊಬೈಲಿನಲ್ಲಿ ತೆಗೆಯುವಾಗ, ಮಂದ ಬೆಳಕಿನಲ್ಲಿ ಉಪಕರಣವು ತಾನಾಗಿಯೇ ಫ್ರೇಮ್ ದರ ಇಳಿಸುವುದುಂಟು. ಇಂಥ ಕಡತವನ್ನು ಕೆಲವು ಸಂಕಲನ ತಂತ್ರಾಂಶಗಳು ಸ್ಥಿರ ದರದ್ದೆಂದು ಎಣಿಸುವುದರಿಂದ ತುಟಿಯ ಚಲನೆ ಮತ್ತು ಮಾತು ಬೇರೆಬೇರೆಯಾಗುತ್ತವೆ. ಯಕ್ಷಗಾನದಲ್ಲಿ ಈ ದೋಷ ಇನ್ನೂ ಎದ್ದು ಕಾಣುತ್ತದೆ. ಸೆಕೆಂಡಿಗೆ 29.97 ಫ್ರೇಮ್‌ಗಳ ದೃಶ್ಯವನ್ನು 30ರ ದರದಲ್ಲಿ ಓಡಿಸಿದರೆ, ಬೇರೆಯಾಗಿ ಮುದ್ರಿಸಿಕೊಂಡ ಧ್ವನಿಗಿಂತ ಚಿತ್ರವು ಗಂಟೆಗೆ ಸುಮಾರು 3.6 ಸೆಕೆಂಡು ಮುಂದೆ ಹೋಗುತ್ತದೆ. ಚೆಂಡೆಯ ಪೆಟ್ಟೊಂದು ಕಡೆ, ವೇಷಧಾರಿಯ ಹೆಜ್ಜೆಯೊಂದು ಕಡೆ ಆದರೆ ಆ ದಾಖಲೆ ಕಲಿಯುವವರಿಗೆ ನಿರುಪಯುಕ್ತ. ಆದುದರಿಂದ ಹ್ಯಾಂಡ್‌ಬ್ರೇಕ್‌ನಂತಹ ಉಚಿತ ತಂತ್ರಾಂಶದಿಂದ ಮೊದಲೇ ಸ್ಥಿರ ದರಕ್ಕೆ ಪರಿವರ್ತಿಸಿಕೊಳ್ಳುವುದು ಲೇಸು.

ಭಾರತದಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಜ್ ಆಗಿರುವುದರಿಂದ, ದೀಪದ ಬೆಳಕಿನ ರಂಗಸ್ಥಳದಲ್ಲಿ ಸೆಕೆಂಡಿಗೆ 25 ಅಥವಾ 50 ಫ್ರೇಮ್‌ಗಳನ್ನು ಆರಿಸಿದರೆ ಮಿನುಗುವಿಕೆ ಕಡಿಮೆ.

ಮಧ್ಯಂತರ ಕೋಡೆಕ್ ಮತ್ತು ಪ್ರಾಕ್ಸಿ

ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿ ಉಳಿಸುವ ಕೋಡೆಕ್‌ಗಳು ಸಂಕಲನಕ್ಕೆ ಹಗುರ. ಆಪಲ್ ಸಂಸ್ಥೆಯ ಪ್ರೋರೆಸ್, ಅವಿಡ್ ಸಂಸ್ಥೆಯ ಡಿಎನ್‌ಎಕ್ಸ್‌ಎಚ್‌ಡಿ ಇಂಥವು. ಎಫ್‌ಎಫ್‌ಎಂಪೆಗ್ ಬಳಸಿ ಇವುಗಳಿಗೆ ಪರಿವರ್ತಿಸಬಹುದು. ಬೆಲೆ ತೆರಬೇಕಾದದ್ದು ಜಾಗದಲ್ಲಿ: ಸೆಕೆಂಡಿಗೆ 120 ಮೆಗಾಬಿಟ್ ದರದ ಡಿಎನ್‌ಎಕ್ಸ್‌ಎಚ್‌ಡಿಗೆ ಗಂಟೆಗೆ 54 ಗಿಗಾಬೈಟ್ ಬೇಕು. ಇಡೀ ರಾತ್ರಿಯ ಆಟಕ್ಕೆ ಇದು ಸಾಮಾನ್ಯರಿಗೆ ನಿಲುಕದ ಮಾತು. ಅಂಥಲ್ಲಿ ಪ್ರಾಕ್ಸಿ ವಿಧಾನ ಯೋಗ್ಯ. ಚಿಕ್ಕ ಗಾತ್ರದ ಪ್ರತಿಯೊಂದಿಗೆ ಸಂಕಲಿಸಿ, ಕೊನೆಯ ಕಡತವನ್ನು ಮೂಲದಿಂದಲೇ ಹೊರತೆಗೆಯಲಾಗುತ್ತದೆ. ಕೆಡೆನ್‌ಲೈವ್, ಶಾಟ್‌ಕಟ್, ಡಾವಿಂಚಿ ರಿಸಾಲ್ವ್ ಮೂರರಲ್ಲೂ ಈ ಸೌಲಭ್ಯವಿದೆ. ಪರಿವರ್ತನೆಯಿಂದ ಚಿತ್ರದ ಗುಣಮಟ್ಟ ಹೆಚ್ಚುವುದಿಲ್ಲ; ಮೂಲ ಕಡತವನ್ನು ಅಳಿಸಬಾರದು.

ಹಳೆಯ ಮುದ್ರಿಕೆಗಳು

ಮಿನಿಡಿವಿ ಟೇಪಿನಲ್ಲಿ ಪ್ರತಿ ಫ್ರೇಮೂ ಸ್ವತಂತ್ರವಾಗಿರುತ್ತದೆ. ಗಂಟೆಗೆ ಸುಮಾರು 13 ಗಿಗಾಬೈಟಿನ ಈ ಕಡತವನ್ನು ಹಾಗೆಯೇ ಸಂಕಲಿಸಬಹುದು. ಮತ್ತೆ ಕುಗ್ಗಿಸುವುದು ಅನವಶ್ಯಕ ಮಾತ್ರವಲ್ಲ, ನಷ್ಟವೂ ಹೌದು. ವಿಸಿಡಿಯಲ್ಲಿರುವುದು ಎಂಪೆಗ್-1 ಚಿತ್ರ, 352×288 ಅಳತೆಯದು. ಅದನ್ನು ಹಿಗ್ಗಿಸಿದರೂ ಹೊಸ ವಿವರ ಕಾಣಿಸದು. ಸಿದ್ಧವಾದ ವೀಡಿಯೊವನ್ನು ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸುವವರು ವೆಬ್‌ಎಂ ರೂಪದಲ್ಲಿ ಹೊರತೆಗೆಯಬಹುದು.